ಒಂದರಿಂದ ಮೂರನೇ ತರಗತಿಗೆ ಎರಡು ವಾರದ ‘ಸಂತೆ’ ಪಾಠ: ತಕ್ಕಡಿ ಕಟ್ಟುವುದರಿಂದ ಚಿಲ್ಲರೆ ಎಣಿಸುವವರೆಗೆ

ಮಕ್ಕಳ ಸಂತೆ, ಮೆಟ್ರಿಕ್ ಮೇಳ ಇವೆಲ್ಲ ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಒಂದು ಶನಿವಾರ ಬೆಳಿಗ್ಗೆ ಶಾಮಿಯಾನ ಹಾಕುತ್ತಾರೆ. ಹುಡುಗರು ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಬರುತ್ತಾರೆ. ಹುಡುಗಿಯರು ಅಮ್ಮನ ಸೀರೆ ಸುತ್ತಿಕೊಂಡು ಸೊಪ್ಪಿನ ಮುಂದೆ ಕೂರುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ರಿಬ್ಬನ್ ಕತ್ತರಿಸುತ್ತಾರೆ, ಫೋಟೊ ಗ್ರೂಪಿಗೆ ಹೋಗುತ್ತದೆ, ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನೋಡೋಕೆ ಚೆಂದವೇ. ಆದರೆ ಎರಡನೇ ತರಗತಿಯ ಹುಡುಗಿ ಇಪ್ಪತ್ತರ ನೋಟು ಕೈಯಲ್ಲಿ ಹಿಡಿದು ಎಷ್ಟು ವಾಪಸ್ ಕೊಡಬೇಕು ಎಂದು ಯೋಚಿಸುತ್ತಿರುವಾಗಲೇ ಹಿಂದಿನಿಂದ ಅಪ್ಪನ ಕೈ ಬಂದು ಚಿಲ್ಲರೆ ಕೊಟ್ಟುಬಿಟ್ಟರೆ ಅವಳಿಗೆ ಸಿಕ್ಕಿದ್ದೇನು? ಸೀರೆ ಉಟ್ಟ ಖುಷಿ ಅಷ್ಟೇ.

ಸಂತೆ ಎನ್ನುವುದು ಕೊನೆಯ ದಿನ ನಡೆಯಬೇಕಾದದ್ದು. ಪಾಠ ಇರುವುದು ಅದರ ಹಿಂದಿನ ದಿನಗಳಲ್ಲಿ. ಆ ದಿನಗಳಲ್ಲಿ ಏನೇನು ಮಾಡಬಹುದು ಎನ್ನುವುದನ್ನು ಇಲ್ಲಿ ದಿನದ ಲೆಕ್ಕದಲ್ಲಿ ಬರೆದಿದ್ದೇನೆ. ಒಬ್ಬರೇ ಶಿಕ್ಷಕರು, ಮೂರು ತರಗತಿ ಒಟ್ಟಿಗೆ, ಇಪ್ಪತ್ತೈದು-ಮೂವತ್ತು ಮಕ್ಕಳು ಇರುವ ಕೋಣೆಯನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದೇನೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ, ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿಯ ಕೋಣೆಗಳು ಇರುವುದೇ ಹೀಗೆ ತಾನೇ. ಒಂದೇ ತರಗತಿ ಇರುವವರಿಗೆ ಇದು ಇನ್ನೂ ಸುಲಭ.

ಶುರು ಮಾಡುವ ಮೊದಲು

ಮೊದಲು ಯಾವ ಮಗುವಿನಿಂದ ಏನು ನಿರೀಕ್ಷಿಸುತ್ತೀರಿ ಎಂದು ಬರೆದಿಟ್ಟುಕೊಳ್ಳಿ. 2021ರಲ್ಲಿ ಬಂದ ನಿಪುಣ್ ಭಾರತ್ (ಚಿಕ್ಕ ತರಗತಿಗಳ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರದ ಯೋಜನೆ) ಗುರಿಗಳ ಪ್ರಕಾರ ಒಂದನೇ ತರಗತಿಯ ಮಗು 99ರವರೆಗೆ, ಎರಡನೆಯದು 999ರವರೆಗೆ, ಮೂರನೆಯದು 9999ರವರೆಗೆ ಸಂಖ್ಯೆ ಓದಿ ಬರೆಯಬೇಕು. ಅದು ವರ್ಷದ ಕೊನೆಯ ಮಾತು. ನಮ್ಮ ಸಂತೆಗೆ ಇಷ್ಟು ಸಾಕು:

- ಒಂದನೇ ತರಗತಿ: ಇಪ್ಪತ್ತು ರೂಪಾಯಿ ಒಳಗೆ ‘ಸರಿ ಚಿಲ್ಲರೆ’ ಎಣಿಸಿ ಕೊಡುವುದು. ಎರಡರಲ್ಲಿ ಯಾವುದು ಭಾರ ಎಂದು ತೂಗಿ ಹೇಳುವುದು. ತರಕಾರಿ ಹೆಸರು ಗುರುತಿಸುವುದು.
- ಎರಡನೇ ತರಗತಿ: ಹತ್ತು, ಇಪ್ಪತ್ತು, ಐವತ್ತರ ನೋಟಿಗೆ ಚಿಲ್ಲರೆ ವಾಪಸ್ ಕೊಡುವುದು. ಬೆಲೆ ಬೋರ್ಡು ಬರೆಯುವುದು.
- ಮೂರನೇ ತರಗತಿ: ಕಾಲು, ಅರ್ಧ, ಮುಕ್ಕಾಲು ಕೆಜಿ ಬೆಲೆ ಹೇಳುವುದು. ಅಸಲು, ಲಾಭ ಬರೆದಿಡುವುದು.

ಮೂರನೇ ತರಗತಿಯಲ್ಲಿದ್ದೂ ಹತ್ತರೊಳಗೆ ತಡವರಿಸುವ ಮಗು ಇದ್ದರೆ ಒಂದನೇ ಸಾಲಿನಿಂದಲೇ ಶುರು ಮಾಡಲಿ. ಗುಂಪು ಮಾಡುವಾಗ ತರಗತಿ ನೋಡಬೇಡಿ, ಮಗು ಎಲ್ಲಿದೆ ಅದನ್ನು ನೋಡಿ.

ಸಾಮಾನು ಕೊಳ್ಳುವ ಖರ್ಚು ಜಾಸ್ತಿ ಇಲ್ಲ. ಸಣ್ಣ ಹಗ್ಗ, ಗಟ್ಟಿ ಹ್ಯಾಂಗರ್ ನಾಲ್ಕು, ತೆಂಗಿನ ಕರಟ ಎಂಟು, ಹಳೇ ಬಟ್ಟೆ ತುಂಡು, ಮರಳು, ಹುಣಸೆ ಬೀಜ, ಹಳೇ ಕ್ಯಾಲೆಂಡರಿನ ಹಾಳೆ, ಮದುವೆ ಕಾರ್ಡಿನ ರಟ್ಟು. ಪಾವು, ಸೇರು ಯಾರ ಮನೆಯಲ್ಲಾದರೂ ಇದ್ದೇ ಇರುತ್ತವೆ, ಹೇಳಿಕಳಿಸಿ. ಒಂದು ಎಚ್ಚರಿಕೆ: ಹುಣಸೆ ಬೀಜ, ಕಡ್ಲೆಕಾಳು ಮೂಗಿಗೆ, ಕಿವಿಗೆ ಹೋಗುತ್ತವೆ. ಒಂದನೇ ತರಗತಿಯವರ ಕೈಗೆ ಬೀಜ ಕೊಡುವಾಗ ನೀವು ಪಕ್ಕದಲ್ಲೇ ಇರಿ. ಏಳುವಾಗ ಎಣಿಸಿ ವಾಪಸ್ ತೆಗೆದುಕೊಳ್ಳಿ. ಎಣಿಕೆಯೂ ಆಯಿತು.

ದಿನ 1: ಗೊತ್ತಿರುವುದನ್ನು ಕೇಳುವುದು

ಮೊದಲ ದಿನ ಏನೂ ಕಲಿಸಬೇಡಿ. ವೃತ್ತದಲ್ಲಿ ಕೂರಿಸಿ, “ಸಂತೆಗೆ ಯಾರ್ಯಾರು ಹೋಗಿದ್ದೀರಿ? ಅಲ್ಲಿ ಏನೇನು ಕೇಳಿಸುತ್ತೆ?” ಎಂದು ಕೇಳಿ. ‘ಏನು ಕಾಣಿಸುತ್ತೆ’ ಎಂದರೆ ಪಟ್ಟಿ ಒಪ್ಪಿಸುತ್ತಾರೆ. ‘ಏನು ಕೇಳಿಸುತ್ತೆ’ ಎಂದರೆ ಸೊಪ್ಪಿನವರ ಕೂಗು, ಮೈಕಿನಲ್ಲಿ ಇಲಿ ಪಾಷಾಣ ಮಾರುವವನ ರೆಕಾರ್ಡಿಂಗು, ಕೋಳಿ ಸದ್ದು ಎಲ್ಲ ಹೊರಗೆ ಬರುತ್ತದೆ. ಕೂಗಿ ತೋರಿಸಲಿ. ಪಕ್ಕದ ಕೋಣೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.

ಅವರು ಹೇಳಿದ ಮಾತನ್ನು ಅವರದೇ ಭಾಷೆಯಲ್ಲಿ ಹಲಗೆ ಮೇಲೆ ಬರೆಯಿರಿ. ಮಗು ‘ಉಳ್ಳಾಗಡ್ಡಿ’ ಎಂದರೆ ಹಾಗೇ ಬರೆದು, ಪಕ್ಕದಲ್ಲಿ ‘ಈರುಳ್ಳಿ’ ಬರೆಯಿರಿ. ಮನೆಯಲ್ಲಿ ತುಳು, ಲಂಬಾಣಿ, ಉರ್ದು ಆಡುವ ಮಕ್ಕಳಿದ್ದರೆ ಆ ಹೆಸರನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಎರಡು ವಾರ ಆ ಪಟ್ಟಿ ಗೋಡೆ ಮೇಲಿರಲಿ, ದಿನಾ ಒಂದೆರಡು ಹೆಸರು ಸೇರುತ್ತಾ ಹೋಗಲಿ.

ಇದೇ ದಿನ ಮನೆಗೊಂದು ಪ್ರಶ್ನೆ ಕಳಿಸಿ: “ಅಜ್ಜಿ, ತಾತ ಚಿಕ್ಕವರಿದ್ದಾಗ ನಾಲ್ಕಾಣೆಗೆ ಏನು ಬರುತ್ತಿತ್ತು?” ನಾಲ್ಕಾಣೆ ಅಂದರೆ ಇಪ್ಪತ್ತೈದು ಪೈಸೆ. ಆ ನಾಣ್ಯದ ಚಲಾವಣೆ 2011ರ ಜೂನಿಗೆ ನಿಂತಿತು, ಈಗಿನ ಮಕ್ಕಳು ನೋಡಿಯೇ ಇಲ್ಲ. ಮರುದಿನ ಬರುವ ಉತ್ತರಗಳನ್ನು ಕೇಳಲು ನಿಮಗೂ ಮಜಾ ಬರುತ್ತದೆ.

ದಿನ 2: ನಿಜವಾದ ಸಂತೆಗೆ

ನಿಮ್ಮ ಊರಿನ ಅಥವಾ ಹೋಬಳಿಯ ಸಂತೆ ಯಾವ ವಾರ ಬರುತ್ತದೋ ಆ ದಿನವೇ ಎರಡನೇ ದಿನ ಆಗುವ ಹಾಗೆ ಶುರು ಮಾಡಿ. ಮುಖ್ಯ ಶಿಕ್ಷಕರ ಅನುಮತಿ, ಪೋಷಕರ ಸಹಿ ಮೊದಲೇ ತೆಗೆದುಕೊಳ್ಳಿ. ಆರು ಮಕ್ಕಳಿಗೆ ಒಬ್ಬ ದೊಡ್ಡವರು ಇರಲೇಬೇಕು. ತಾಯಂದಿರನ್ನು ಕರೆಯಿರಿ, ಬರುತ್ತಾರೆ. ಬೆಳಿಗ್ಗೆ ಅಂಗಡಿ ಹಾಕುವ ಹೊತ್ತಿಗೆ ಹೋದರೆ ಜನ ಕಡಿಮೆ, ಬಿಸಿಲೂ ಇಲ್ಲ, ವ್ಯಾಪಾರಿಗಳಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಆದರೆ ಬೋಣಿಗೆ ಆಗುವ ಮೊದಲೇ ಅಂಗಡಿ ಮುಂದೆ ಹಿಂಡು ಕಟ್ಟಿ ನಿಂತು ಪ್ರಶ್ನೆ ಕೇಳಬೇಡಿ. ಏನಾದರೂ ಕೊಂಡು ಆಮೇಲೆ ಮಾತಾಡಿಸಿ.

ಪ್ರತಿ ಗುಂಪಿಗೆ ಇಪ್ಪತ್ತು ರೂಪಾಯಿ, ಒಂದು ಚೀಲ, ಒಂದು ರಟ್ಟು, ಒಂದು ಪೆನ್ಸಿಲ್ ಕೊಡಿ. ಕೆಲಸ ಎರಡೇ. ಒಂದು, ಮಕ್ಕಳೇ ಮಾತಾಡಿ ಏನಾದರೂ ಕೊಂಡು, ಉಳಿದ ಚಿಲ್ಲರೆ ತಂದು ತೋರಿಸಬೇಕು. ಎರಡು, ಯಾವ ಸಾಮಾನನ್ನು ಹೇಗೆ ಮಾರುತ್ತಾರೆ ಎಂದು ನೋಡಿ ರಟ್ಟಿನ ಮೇಲೆ ಚಿತ್ರ ಬರೆಯಬೇಕು. ಟೊಮೆಟೊ ತೂಕಕ್ಕೆ, ತೆಂಗಿನಕಾಯಿ ಎಣಿಕೆಗೆ, ಸೊಪ್ಪು ಕಟ್ಟಿಗೆ, ಬಾಳೆಹಣ್ಣು ಡಜನ್ ಅಥವಾ ಚಿಪ್ಪಿಗೆ, ಹೂವು ಮೊಳಕ್ಕೆ, ಮಂಡಕ್ಕಿ ಸೇರಿಗೆ, ಹಸಿಮೆಣಸಿನಕಾಯಿ ಗುಡ್ಡೆಗೆ. ಇಷ್ಟೆಲ್ಲ ಒಂದೇ ಜಾಗದಲ್ಲಿ ನಡೆಯುತ್ತದೆ ಎನ್ನುವುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮಕ್ಕಳು ಹಿಡಿಯುತ್ತಾರೆ.

ಪ್ರಶ್ನೆ ಕೇಳುವುದಾದರೆ ಒಂದೇ ಒಂದು ಒಳ್ಳೆ ಪ್ರಶ್ನೆ ಹೇಳಿಕೊಡಿ: “ಅಜ್ಜಿ, ಸಂಜೆ ಉಳಿದದ್ದನ್ನ ಏನ್ ಮಾಡ್ತೀರಾ?” ಬೆಲೆ ಸಂಜೆಗೆ ಯಾಕೆ ಇಳಿಯುತ್ತದೆ, ಸೊಪ್ಪು ಯಾಕೆ ಬೇಗ ಇಳಿಯುತ್ತದೆ, ಆಲೂಗೆಡ್ಡೆ ಯಾಕೆ ಇಳಿಯುವುದಿಲ್ಲ, ಇವೆಲ್ಲ ಆ ಒಂದು ಉತ್ತರದಲ್ಲಿ ಬಂದುಬಿಡುತ್ತವೆ.

ನಿಮ್ಮ ತರಗತಿಯ ಯಾವುದೋ ಮಗುವಿನ ಅಮ್ಮ ಅಲ್ಲೇ ವ್ಯಾಪಾರಕ್ಕೆ ಕೂತಿರಬಹುದು. ಆ ಮಗುವಿಗೆ ಅದು ಹೆಮ್ಮೆ ಆಗಬೇಕು, ಮುಜುಗರ ಆಗಬಾರದು. ಹಿಂದಿನ ದಿನವೇ ಆ ತಾಯಿಯನ್ನು ಕೇಳಿ, “ಅಕ್ಕ, ನಿಮ್ಮ ಅಂಗಡಿಗೆ ಮಕ್ಕಳನ್ನು ಕರೆದುಕೊಂಡು ಬರಲಾ?” ಎಂದು. ಒಪ್ಪಿದರೆ ಆವತ್ತು ಅವರೇ ಟೀಚರ್.

ದಿನ 3: ವಿಂಗಡಿಸು, ಓದು, ಬರೆ

ಕೊಂಡು ತಂದ ತರಕಾರಿಯನ್ನು ಮಧ್ಯೆ ರಾಶಿ ಹಾಕಿ. “ಒಂದೇ ತರಹದ್ದನ್ನು ಒಂದು ಕಡೆ ಇಡಿ” ಎಂದಷ್ಟೇ ಹೇಳಿ ಸುಮ್ನೆ ಕೂತುಬಿಡಿ. ಒಂದು ಗುಂಪು ಬಣ್ಣದ ಪ್ರಕಾರ ಇಡುತ್ತದೆ, ಇನ್ನೊಂದು ಸಾರಿಗೆ ಹಾಕುವುದು, ಪಲ್ಯಕ್ಕೆ ಹಾಕುವುದು ಎಂದು ಇಡುತ್ತದೆ. ಯಾವುದೂ ತಪ್ಪಲ್ಲ. ಯಾಕೆ ಹಾಗೆ ಇಟ್ಟಿರಿ ಎಂದು ಹೇಳಿಸಿ. ನೆಲದ ಕೆಳಗೆ ಬೆಳೆಯುವುದು, ಗಿಡದಲ್ಲಿ ಬಿಡುವುದು, ಬಳ್ಳಿಯಲ್ಲಿ ಬಿಡುವುದು ಎಂಬ ಗುಂಪನ್ನು ಯಾರೂ ಮಾಡದಿದ್ದರೆ ಕೊನೆಗೆ ನೀವು ಕೇಳಿ.

ಓದಿಗೆ ಇದು ಬಂಗಾರದಂಥ ಅವಕಾಶ. ಹೀರೆಕಾಯಿ, ಸೋರೆಕಾಯಿ, ಬೆಂಡೆಕಾಯಿ, ಪಡವಲಕಾಯಿ, ಸೌತೆಕಾಯಿ ಎಂದು ರಟ್ಟಿನ ಮೇಲೆ ಬರೆದು, ‘ಕಾಯಿ’ ಎಂಬ ಭಾಗವನ್ನು ಕತ್ತರಿಸಿ ಬೇರೆ ಮಾಡಿ. ಒಂದನೇ ತರಗತಿಯ ಮಗು ‘ಕಾಯಿ’ಯನ್ನು ಒಮ್ಮೆ ಗುರುತು ಹಿಡಿದರೆ ಐದು ಪದದ ಅರ್ಧ ಓದಿದ ಹಾಗೇ. ಉಳಿದ ಅರ್ಧ ಜೋಡಿಸುವುದು ಆಟ. ಕಾಯಿ ಮುಗಿದ ಮೇಲೆ ಸೊಪ್ಪು, ಹಣ್ಣು, ಗೆಡ್ಡೆ, ಕಾಳು. ‘ಹೀರೆಸೊಪ್ಪು’, ‘ಬೆಂಡೆಹಣ್ಣು’ ಎಂದೆಲ್ಲ ತಪ್ಪು ಜೋಡಿಸಿ ನಗುತ್ತಾರೆ, ನಗಲಿ.

ಮೂರನೇ ತರಗತಿಯವರಿಗೆ ಊರಿನ ಹೆಸರು ಅಂಟಿಕೊಂಡಿರುವ ಬೆಳೆಗಳ ಪಟ್ಟಿ ಕೊಡಿ: ಬ್ಯಾಡಗಿ ಮೆಣಸಿನಕಾಯಿ, ನಂಜನಗೂಡು ರಸಬಾಳೆ, ದೇವನಹಳ್ಳಿ ಚಕ್ಕೋತ, ಉಡುಪಿ ಮಲ್ಲಿಗೆ, ಕೊಡಗಿನ ಕಿತ್ತಳೆ. ಐದಕ್ಕೂ ಜಿಐ ಗುರುತು, ಅಂದರೆ ಆ ಊರಿನದೇ ಬೆಳೆ ಎಂಬ ಅಧಿಕೃತ ಗುರುತು ಸಿಕ್ಕಿದೆ. ಕರ್ನಾಟಕದ ನಕಾಶೆ ಮೇಲೆ ಆ ಊರು ಹುಡುಕಿ, ಬೆಳೆಯ ಪುಟ್ಟ ಚಿತ್ರ ಬರೆದು ಅಂಟಿಸಲಿ.

ದಿನ 4 ಮತ್ತು 5: ತಕ್ಕಡಿ ಕಟ್ಟುವುದು

ಇಡೀ ಎರಡು ವಾರದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದು. ಆತುರ ಬೇಡ, ಎರಡು ದಿನ ಪೂರ್ತಿ ಕೊಡಿ.

ಒಂದೇ ಅಳತೆಯ ಎರಡು ಕರಟ ಆರಿಸಿ, ಅಂಚಿನಲ್ಲಿ ಮೂರು ಮೂರು ತೂತು ನೀವೇ ಮುಂಚೆ ಕೊರೆದಿಟ್ಟುಕೊಳ್ಳಿ. ಮಕ್ಕಳು ಹಗ್ಗವನ್ನು ಸ್ಕೇಲಿನಲ್ಲಿ ಅಳೆದು, ಮೂವತ್ತು ಸೆಂಟಿಮೀಟರಿನ ಆರು ತುಂಡು ಮಾಡಲಿ. ಕರಟಕ್ಕೆ ಮೂರರಂತೆ ಕಟ್ಟಿ, ಮೇಲ್ತುದಿ ಸೇರಿಸಿ ಗಂಟು ಹಾಕಿ, ಹ್ಯಾಂಗರಿನ ಎರಡು ತುದಿಗೆ ನೇತುಹಾಕಿ. ತುದಿಯಲ್ಲಿ ಕಚ್ಚು ಇರುವ ಹ್ಯಾಂಗರ್ ಆದರೆ ಹಗ್ಗ ಜಾರುವುದಿಲ್ಲ. ಮಗುವಿನ ಎದೆಯ ಎತ್ತರಕ್ಕೆ ಮೊಳೆ ಹೊಡೆದು ಅದಕ್ಕೆ ಸಿಕ್ಕಿಸಿ.

ಖಂಡಿತ ಒಂದು ಕಡೆ ವಾಲುತ್ತದೆ. ನೀವು ಸರಿ ಮಾಡಬೇಡಿ. “ಏನೂ ಹಾಕಿಲ್ಲ, ಆದ್ರೂ ಯಾಕೆ ವಾಲ್ತಿದೆ?” ಎಂದು ಕೇಳಿ. ಕರಟ ದಪ್ಪ, ಹಗ್ಗದ ಗಂಟು ದೊಡ್ಡದು ಎಂದೆಲ್ಲ ಕಾರಣ ಹೇಳುತ್ತಾರೆ. ಮೇಲೆದ್ದ ಕಡೆಗೆ ಒಂದೊಂದೇ ರಬ್ಬರ್ ಬ್ಯಾಂಡ್ ಸುತ್ತುತ್ತಾ ಸಮ ಮಾಡಲು ಬಿಡಿ.

ಈಗ ಒಂದನೇ ತರಗತಿಯವರಿಗೆ ‘ಭಾರ ಯಾವುದು’ ಆಟ. ಒಂದು ಕಡೆ ಸಣ್ಣ ಆಲೂಗೆಡ್ಡೆ, ಇನ್ನೊಂದು ಕಡೆ ಕರಟದ ತುಂಬ ಮಂಡಕ್ಕಿ. ತೂಗುವ ಮೊದಲು ಕೈ ಎತ್ತಿಸಿ ಊಹೆ ಕೇಳಿ. ರಾಶಿ ದೊಡ್ಡದಿದ್ದರೆ ಭಾರ ಎಂದು ಸುಮಾರು ಮಕ್ಕಳು ನಂಬಿರುತ್ತಾರೆ. ಆಲೂಗೆಡ್ಡೆ ಕೆಳಗೆ ಹೋದಾಗ ಮತ್ತೆ ಮತ್ತೆ ತೂಗಿ ನೋಡುತ್ತಾರೆ. ಎರಡನೇ ತರಗತಿಯವರು ಒಂದು ಈರುಳ್ಳಿಗೆ ಎಷ್ಟು ಹುಣಸೆ ಬೀಜ ಸಮ ಎಂದು ಎಣಿಸಿ ಬರೆಯಲಿ. ಎಣಿಸುವಾಗ ಹತ್ತರ ಗುಡ್ಡೆ ಮಾಡಲು ಹೇಳಿದರೆ ಹತ್ತು-ಬಿಡಿ ಪಾಠವೂ ಅಲ್ಲೇ ಆಗುತ್ತದೆ.

ಮೂರನೇ ತರಗತಿಯವರು ಬಟ್ಟು (ತೂಕದ ಕಲ್ಲು) ತಯಾರಿಸಬೇಕು. ಹಳೇ ಬಟ್ಟೆಯಲ್ಲಿ ಮರಳು ಕಟ್ಟಿ 50, 100, 200 ಗ್ರಾಂ ಗಂಟು ಮಾಡಲಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲೋ ಬಿಸಿಯೂಟದ ಅಡುಗೆಮನೆಯಲ್ಲೋ ಒಮ್ಮೆ ತೂಗಿಸಿ, ಸರಿ ಮಾಡಿ, ಹೊಲಿದುಬಿಡಿ. ಎಲೆಕ್ಟ್ರಾನಿಕ್ ತಕ್ಕಡಿ ಸಿಗದಿದ್ದರೂ ದಾರಿ ಇದೆ: ನೂರು ಮಿಲಿಲೀಟರ್ ನೀರು ನೂರು ಗ್ರಾಂ ತೂಗುತ್ತದೆ. ಒಂದೇ ತರಹದ ಎರಡು ಖಾಲಿ ಬಾಟಲಿ ಎರಡು ಕಡೆ ಇಟ್ಟು, ಒಂದಕ್ಕೆ ಅಳೆದ ನೀರು, ಇನ್ನೊಂದಕ್ಕೆ ಮರಳು ಹಾಕುತ್ತಾ ಸಮ ಮಾಡಿದರೆ ಆಯಿತು. ನಾಣ್ಯವನ್ನು ಬಟ್ಟಾಗಿ ಬಳಸಬೇಡಿ. ಬೇರೆ ಬೇರೆ ವರ್ಷದ ಒಂದು ರೂಪಾಯಿ ನಾಣ್ಯಗಳ ತೂಕ ಬೇರೆ ಬೇರೆ. ಹ್ಯಾಂಗರ್ ತಕ್ಕಡಿಗೆ ಅರ್ಧ ಕೆಜಿಗಿಂತ ಜಾಸ್ತಿ ಹೇರಬೇಡಿ, ಮುರಿಯುತ್ತದೆ.

ಐದನೇ ದಿನದ ಕೊನೆಗೆ ‘ಮೋಸದ ತಕ್ಕಡಿ’. ಒಂದು ನೇರ ಕೋಲು ತೆಗೆದುಕೊಂಡು, ನಡುವಿನ ಹಗ್ಗವನ್ನು ಎರಡು ಬೆರಳು ಈಚೆಗೆ ಕಟ್ಟಿ. ಖಾಲಿ ಇದ್ದಾಗ ಸಮ ಕಾಣುವ ಹಾಗೆ, ಮೇಲೇಳುವ ಗಿಡ್ಡ ಕಡೆಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ. ಗಿಡ್ಡ ಕಡೆ ಬಟ್ಟು, ಉದ್ದ ಕಡೆ ತರಕಾರಿ ಹಾಕಿ ತೂಗಿ ತೋರಿಸಿ. ತಕ್ಕಡಿ ಸಮ ನಿಂತಿದೆ, ಆದರೆ ತರಕಾರಿ ಕಡಿಮೆ ಇದೆ. “ಇದರಲ್ಲಿ ಮೋಸ ಇದೆ, ಹಿಡೀರಿ” ಎನ್ನಿ. ಸುಳಿವು ಬೇಕೆಂದರೆ ಬಟ್ಟನ್ನೂ ತರಕಾರಿಯನ್ನೂ ಅದಲುಬದಲು ಮಾಡಲು ಹೇಳಿ. ಸರಿಯಾದ ತಕ್ಕಡಿ ಆಗಲೂ ಸಮ ನಿಲ್ಲುತ್ತದೆ, ಮೋಸದ್ದು ಧಡ್ ಎಂದು ವಾಲುತ್ತದೆ. ಇದನ್ನು ಕಲಿತ ಮಕ್ಕಳು ಮುಂದಿನ ಸಂತೆಯಲ್ಲಿ ಪಾಪದ ವ್ಯಾಪಾರಿಗಳನ್ನು ಪರೀಕ್ಷೆ ಮಾಡಲು ಹೋಗಬಹುದು. ಅದಕ್ಕೆ ನಾನು ಹೊಣೆಯಲ್ಲ.

ದಿನ 6: ಪಾವು, ಸೇರು, ಮೊಳ

ನಾಲ್ಕು ಪಾವು ಹಾಕಿದರೆ ಒಂದು ಸೇರು. ರಾಗಿಯಲ್ಲೋ ಮರಳಲ್ಲೋ ಮಕ್ಕಳೇ ಅಳೆದು ಕಂಡುಹಿಡಿಯಲಿ. ಕೆಲವರಿಗೆ ಮೂರೂವರೆ ಬರುತ್ತದೆ, ಕೆಲವರಿಗೆ ಐದು. ಗೋಪುರ ಕಟ್ಟಿ ಅಳೆದರೋ, ಮಟ್ಟ ಮಾಡಿ ಅಳೆದರೋ ಎಂಬ ಜಗಳ ಅಲ್ಲಿಂದ ಶುರುವಾಗುತ್ತದೆ. ಜಗಳ ಬಿಡಿಸುವ ಮೊದಲು ಸ್ವಲ್ಪ ಹೊತ್ತು ಆಡಲು ಬಿಡಿ, ಎಲ್ಲರೂ ಒಂದೇ ರೀತಿ ಅಳೆಯಬೇಕು ಎನ್ನುವ ಮಾತು ಅವರ ಬಾಯಿಂದಲೇ ಬರುತ್ತದೆ.

ಮೊಳಕ್ಕೂ ಅದೇ. ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಹಗ್ಗ ಹಿಡಿದು ಒಂದೊಂದು ಮೊಳ ಕತ್ತರಿಸಿ, ಹೆಸರು ಬರೆದು, ಕೋಣೆಯಲ್ಲಿ ತಲೆ ಮೇಲೆ ಕಟ್ಟಿರುವ ಚಪ್ಪರದ ದಾರಕ್ಕೆ ಸಾಲಾಗಿ ನೇತುಹಾಕಿ. ನಿಮ್ಮದೂ ಒಂದು ಇರಲಿ, ಅಡುಗೆಯ ಅಕ್ಕನದೂ ಒಂದು. “ಹೂ ಕೊಳ್ಳೋಕೆ ಯಾರ ಹತ್ರ ಹೋಗ್ತೀರಾ? ಉದ್ದ ಕೈಯವರ ಹತ್ರನಾ, ಗಿಡ್ಡ ಕೈಯವರ ಹತ್ರನಾ?” ಉತ್ತರ ಬಂದ ಮೇಲೆ ಮೀಟರ್ ಟೇಪು ತೆಗೆದು ತೋರಿಸಿ. ನಮ್ಮ ದೇಶದಲ್ಲಿ ಕೆಜಿ, ಮೀಟರಿಗೆ ಕಾನೂನು ಬಂದಿದ್ದು 1956ರಲ್ಲಿ. ಅದಾದ ಮೇಲೂ ಹೂವಿನವರು ಮೊಳ ಬಿಟ್ಟಿಲ್ಲ, ಅಜ್ಜಿಯರು ಪಾವು ಬಿಟ್ಟಿಲ್ಲ.

ದಿನ 7 ಮತ್ತು 8: ದುಡ್ಡು

ಮೊದಲು ನಿಜವಾದ ನೋಟು, ನಾಣ್ಯ ಕೈಗೆ ಕೊಟ್ಟು ನೋಡಲು ಬಿಡಿ. ಈಗ ಚಲಾವಣೆಯಲ್ಲಿರುವ ಒಂದು, ಎರಡು, ಐದು, ಹತ್ತು, ಇಪ್ಪತ್ತು ರೂಪಾಯಿ ನಾಣ್ಯಗಳು ಒಂದೊಂದು ಇರಲಿ. ಕಾಗದದ ಕೆಳಗಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಹತ್ತರ ನೋಟಿನ ಹಿಂದೆ ಸಾಲಾಗಿ ಹದಿನೈದು ಭಾಷೆಯಲ್ಲಿ ಬರೆದಿದೆ, ಅದರಲ್ಲಿ ಕನ್ನಡ ಎಲ್ಲಿದೆ ಹುಡುಕಿಸಿ. ಮೇಲಿನಿಂದ ನಾಲ್ಕನೆಯದು. ಒಂದನೇ ತರಗತಿಯ ಮಗು ಬೆರಳಿಟ್ಟು “ಹತ್ತು ರೂಪಾಯಿಗಳು” ಎಂದು ಓದಿಬಿಟ್ಟರೆ ಆ ದಿನದ ಓದು ಮುಗಿಯಿತು. ಹೊಸ ಐವತ್ತರ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆ, ಮೂರನೇ ತರಗತಿಯವರಿಗೆ ಅದನ್ನು ಹುಡುಕಲು ಹೇಳಿ.

ಆಟದ ನೋಟು ಮಕ್ಕಳೇ ಮಾಡಲಿ. ನಿಜವಾದ ನೋಟಿನ ಕಲರ್ ಜೆರಾಕ್ಸ್ ಮಾತ್ರ ತೆಗೆಸಬೇಡಿ, ಅದು ಕಾನೂನಿಗೆ ವಿರುದ್ಧ. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಅಂಕಿ, ಅಕ್ಷರ ಎರಡೂ ಬರೆದು, ಗಾಂಧಿ ತಾತನ ಜಾಗದಲ್ಲಿ ತಮಗೆ ಇಷ್ಟವಾದದ್ದು ಬರೆಯಲಿ. ಎಮ್ಮೆ ಇರುವ ನೂರರ ನೋಟು ಎಷ್ಟು ಚೆನ್ನಾಗಿರುತ್ತದೆ ಗೊತ್ತಾ?

ಇನ್ನು ಚಿಲ್ಲರೆ. ಇಲ್ಲಿ ನಾವು ಸಾಮಾನ್ಯವಾಗಿ ಕಳೆಯುವ ಲೆಕ್ಕ ಹಲಗೆ ಮೇಲೆ ಬರೆದುಬಿಡುತ್ತೇವೆ. ಇಪ್ಪತ್ತರಲ್ಲಿ ಹದಿಮೂರು ಹೋದರೆ, ಸೊನ್ನೆಯಲ್ಲಿ ಮೂರು ಹೋಗುವುದಿಲ್ಲ, ಪಕ್ಕದಿಂದ ದಶಕ ತಗೋ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಹೀಗೆ ಮಾಡುವುದನ್ನು ಯಾರಾದರೂ ನೋಡಿದ್ದೀರಾ? ಅವರು ಮೇಲಕ್ಕೆ ಎಣಿಸುತ್ತಾರೆ. ಮಗುವಿನ ಎದುರು ಕೂತು ಇದನ್ನೇ ಮಾಡಿ:

“ಸೊಪ್ಪು ಎಷ್ಟು?”
“ಹದಿಮೂರು, ಮಿಸ್.”
“ತಗೋ ಇಪ್ಪತ್ತು. ನನ್ನ ಚಿಲ್ಲರೆ ಕೊಡು ಪುಟ್ಟಾ. ಹದಿಮೂರು ಸೊಪ್ಪಿಗೆ ಆಯ್ತು.” ಸೊಪ್ಪನ್ನು ನಿಮ್ಮ ಮುಂದೆ ಇಡಿಸಿ.
ಮಗು ಒಂದು ರೂಪಾಯಿ ಇಡುತ್ತಾ, “ಹದಿನಾಲ್ಕು.” ಇನ್ನೊಂದು ಇಡುತ್ತಾ, “ಹದಿನೈದು.” ಐದರ ನಾಣ್ಯ ಇಡುತ್ತಾ, “ಇಪ್ಪತ್ತು!”
“ಈಗ ನನ್ನ ಕೈಗೆ ಎಷ್ಟು ಬಂತು, ಎಣಿಸು.”
“ಏಳು.”

ಮೊದಲು ನೀವು ವ್ಯಾಪಾರಿ ಆಗಿ ತೋರಿಸಿ, ಆಮೇಲೆ ಮಗು. ನಂತರ ಮಕ್ಕಳು ಜೋಡಿಯಾಗಿ. ಎರಡನೇ ತರಗತಿಗೆ ಹತ್ತರ ಮತ್ತು ಇಪ್ಪತ್ತರ ನೋಟು ಪಕ್ಕಾ ಆಗುವವರೆಗೆ ಐವತ್ತಕ್ಕೆ ಹೋಗಬೇಡಿ. ಒಂದನೇ ತರಗತಿಯವರು ಚಿಲ್ಲರೆ ವಾಪಸ್ ಕೊಡುವುದು ಬೇಡವೇ ಬೇಡ. ಏಳು ರೂಪಾಯಿಯನ್ನು ಎಷ್ಟು ತರಹ ಕೊಡಬಹುದು ಎಂದು ನಾಣ್ಯ ಜೋಡಿಸಿ ನೋಡಲಿ: ಐದು-ಎರಡು, ಎರಡು-ಎರಡು-ಎರಡು-ಒಂದು, ಐದು-ಒಂದು-ಒಂದು.

ಬಾಯಿ ಲೆಕ್ಕ, ಪುಸ್ತಕದ ಲೆಕ್ಕ ಎರಡನ್ನೂ ಜೋಡಿಸುವುದು ನಮ್ಮ ಕೆಲಸ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 1985ರಲ್ಲಿ ಒಂದು ಅಧ್ಯಯನ ಬಂತು. ಅಂಗಡಿಯಲ್ಲಿ ಬಾಯಿಲೆಕ್ಕದಲ್ಲಿ ನೂರಕ್ಕೆ 98 ಸರಿ ಹೇಳಿದ ಮಕ್ಕಳು, ಅದೇ ತರಹದ ಲೆಕ್ಕವನ್ನು ಬರಿ ಅಂಕಿಯಲ್ಲಿ ಕೇಳಿದಾಗ ಸರಿ ಮಾಡಿದ್ದು ನೂರಕ್ಕೆ 37 ಮಾತ್ರ. ದೆಹಲಿ, ಕೋಲ್ಕತ್ತದ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಮೇಲೆ 2025ರಲ್ಲಿ ಪ್ರಕಟವಾದ ಅಧ್ಯಯನವೂ ಹೆಚ್ಚು ಕಮ್ಮಿ ಅದನ್ನೇ ಹೇಳಿದೆ. ಜೊತೆಗೆ, ಶಾಲೆಯ ಲೆಕ್ಕ ಚೆನ್ನಾಗಿ ಮಾಡುವ ಮಕ್ಕಳು ಮಾರುಕಟ್ಟೆ ಲೆಕ್ಕದಲ್ಲಿ ತಡವರಿಸುತ್ತಾರೆ ಎಂದೂ ಹೇಳಿದೆ. ಆದ್ದರಿಂದ ಎಂಟನೇ ದಿನ, ಮಗು ಬಾಯಲ್ಲಿ ಹೇಳಿದ ‘ಹದಿನಾಲ್ಕು, ಹದಿನೈದು, ಇಪ್ಪತ್ತು’ ಎಂಬುದನ್ನು ಸಂಖ್ಯಾರೇಖೆ ಮೇಲೆ ಕುಪ್ಪಳಿಸಿ ತೋರಿಸಿ, ಪಕ್ಕದಲ್ಲೇ 20 − 13 = 7 ಎಂದು ಬರೆಯಿರಿ. ಈ ಒಂದು ಹೆಜ್ಜೆಯನ್ನು ಬಿಡಲೇಬೇಡಿ.

ಮೂರನೇ ತರಗತಿಗೆ ಕಾಲು, ಅರ್ಧ, ಮುಕ್ಕಾಲು. ದುಂಡು ಕಾಗದ ಮಡಿಸಿ ನಾಲ್ಕು ಭಾಗ ಮಾಡಿ, ಇಡೀ ಕಾಗದ ಒಂದು ಕೆಜಿ ಟೊಮೆಟೊ, ಬೆಲೆ ನಲವತ್ತು ಎನ್ನಿ. ಒಂದೊಂದು ಭಾಗದ ಮೇಲೆ ಹತ್ತು ರೂಪಾಯಿ ಇಡಿಸಿ. ಮುಕ್ಕಾಲು ಕೆಜಿಗೆ ಎಷ್ಟು ಎನ್ನುವುದು ಕಣ್ಣೆದುರೇ ಇರುತ್ತದೆ.

ದಿನ 9: ಅಂಗಡಿ ಯಾರದು, ಏನು, ಎಷ್ಟಕ್ಕೆ

ಐದಾರು ಮಕ್ಕಳಿಗೆ ಒಂದು ಅಂಗಡಿ. ಮೂರೂ ತರಗತಿಯವರು ಪ್ರತಿ ಅಂಗಡಿಯಲ್ಲಿ ಇರಬೇಕು: ಚಿಕ್ಕವರು ಸಾಮಾನು ಎತ್ತಿಕೊಡಲಿ, ಕೂಗಲಿ, ಎರಡನೆಯವರು ಗಲ್ಲಾ ನೋಡಲಿ, ದೊಡ್ಡವರು ತೂಗಲಿ, ಬರೆಯಲಿ. ಹುಡುಗಿಯರಿಗೆ ಸೊಪ್ಪು, ಹುಡುಗರಿಗೆ ಗಲ್ಲಾ ಎಂದು ತಾನಾಗೇ ಹಂಚಿಕೆ ಆಗಿಬಿಡುತ್ತದೆ, ಕಣ್ಣಿಡಿ. ಅಪ್ಪನ ಕಸುಬು ಏನು, ಯಾವ ಕೇರಿ ಎಂದು ನೋಡಿ ಅಂಗಡಿ ಕೊಡುವುದಂತೂ ಆಗಲೇಬಾರದು. ಚೀಟಿ ಎತ್ತಿಸಿ.

ಸಾಮಾನು ಮನೆಯ ಹಿತ್ತಲಿನದು ಇದ್ದರೆ ಒಳ್ಳೆಯದು: ಕರಿಬೇವು, ನಿಂಬೆಹಣ್ಣು, ಬಾಳೆ ಎಲೆ, ಹೂವು, ಮೊಟ್ಟೆ. ಮಕ್ಕಳು ಮಾಡಿದ ಕಾಗದದ ಚೀಲವೂ ಮಾರಾಟಕ್ಕಿರಲಿ. ಎಣ್ಣೆಯಲ್ಲಿ ಕರಿಯುವುದು, ಐಸ್‌ಕ್ರೀಮು ಬೇಡ. ಅದು ಬಂದರೆ ತರಕಾರಿ ಅಂಗಡಿ ಮುಂದೆ ಯಾರೂ ಬರುವುದಿಲ್ಲ. ತರಲು ಏನೂ ಇಲ್ಲದ ಮನೆಗಳೂ ಇರುತ್ತವೆ. ಅದಕ್ಕೆ ಯಾರು ಏನು ತಂದರು ಎಂದು ಕೂಗಿ ಹೇಳದೆ, ಎಲ್ಲವನ್ನೂ ಒಂದೇ ರಾಶಿಗೆ ಹಾಕಿ ಅಂಗಡಿಗಳಿಗೆ ಹಂಚಿಬಿಡಿ.

ಬೆಲೆ ಬೋರ್ಡು ಮಕ್ಕಳ ಕೈಬರಹದಲ್ಲೇ ಇರಲಿ. ‘ಬದನೇಕಾಯಿ’ಯ ದೀರ್ಘ ಹೆಚ್ಚಾಗಿದ್ದರೆ ಆಮೇಲೆ ತಿದ್ದಿದರಾಯಿತು. ಫ್ಲೆಕ್ಸ್ ಮಾಡಿಸಬೇಡಿ.

ದಿನ 10: ಸಂತೆ

ಬ್ಯಾಗ್ ಇಲ್ಲದ ಶನಿವಾರ ಇದಕ್ಕೆ ಸರಿಯಾದ ದಿನ. ಎರಡು ಗಂಟೆ ಸಾಕು. ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಕೆಲಸ ಬದಲಿಸಿ, ಗಲ್ಲಾದ ಮುಂದೆ ಪ್ರತಿ ಮಗುವೂ ಒಮ್ಮೆ ಕೂರಬೇಕು (ಒಂದನೆಯವರು ಬಂದ ದುಡ್ಡು ಎಣಿಸಿಕೊಂಡರೆ ಸಾಕು). ಅಂಗಡಿ ಮುಂದೆ ಹಗ್ಗ ಕಟ್ಟಿ. ದೊಡ್ಡವರು ಹಗ್ಗದ ಆಚೆ. ‘ಲೆಕ್ಕ ನಾವೇ ಮಾಡುತ್ತೇವೆ, ಸ್ವಲ್ಪ ಕಾಯಿರಿ’ ಎಂಬ ಬೋರ್ಡು ಮಕ್ಕಳಿಂದಲೇ ಬರೆಸಿ ನೇತುಹಾಕಿದರೆ ಯಾವ ಅಪ್ಪನೂ ಕೈ ಹಾಕುವುದಿಲ್ಲ.

ಇನ್ನು ಕೆಲವು ನಿಯಮ. ಫೋನ್‌ಪೇ ಇಲ್ಲ, ನಗದು ಮಾತ್ರ. ಇಲ್ಲವಾದರೆ ಮಕ್ಕಳ ಕೈಗೆ ಚಿಲ್ಲರೆ ಬರುವುದೇ ಇಲ್ಲ. ಐವತ್ತಕ್ಕಿಂತ ದೊಡ್ಡ ನೋಟು ತೆಗೆದುಕೊಳ್ಳುವಂತಿಲ್ಲ, ಇದನ್ನು ಪೋಷಕರಿಗೆ ಹಿಂದಿನ ದಿನವೇ ತಿಳಿಸಿ. ಪ್ರತಿ ಗಲ್ಲಾಕ್ಕೂ ಐವತ್ತು ರೂಪಾಯಿ ಚಿಲ್ಲರೆ ಮೊದಲೇ ಹಾಕಿಡಿ. ಮಕ್ಕಳಿಗೆ ಕೊಳ್ಳಲು ಮನೆಯಿಂದ ದುಡ್ಡು ತರಿಸಬೇಡಿ, ತಾವೇ ಮಾಡಿದ ಆಟದ ನೋಟು ಎಲ್ಲರಿಗೂ ಸಮವಾಗಿ ಇಪ್ಪತ್ತು ಕೊಡಿ. ಚೌಕಾಸಿ ಮಾಡಬಹುದು, ಆದರೆ ಒಂದೇ ಸಲ. ಕೊಸರು ಹಾಕುವುದು ವ್ಯಾಪಾರಿಯ ಇಷ್ಟ.

ನೀವು ಆವತ್ತು ಗಿರಾಕಿ. ಪ್ರತಿ ಅಂಗಡಿಗೂ ಹೋಗಿ ಕೊಂಡು, ಬೇಕಂತಲೇ ಒಂದು ರೂಪಾಯಿ ಕಡಿಮೆ ಕೊಡಿ. ಯಾರು ಹಿಡಿಯುತ್ತಾರೆ, ಯಾರು ಗೊತ್ತಾದರೂ ಸಂಕೋಚದಿಂದ ಸುಮ್ಮನಾಗುತ್ತಾರೆ, ಯಾರಿಗೆ ಗೊತ್ತೇ ಆಗುವುದಿಲ್ಲ ಎಂದು ಜೇಬಿನ ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಪ್ರಗತಿ ನೋಟಕ್ಕೆ (ಮಗುವಿನ ಕಲಿಕೆಯ ದಾಖಲೆಗೆ) ಬೇಕಾದ ಮೌಲ್ಯಮಾಪನ ಅಷ್ಟರಲ್ಲೇ ಆಗಿಹೋಗಿರುತ್ತದೆ.

ಮರುದಿನದ ಲೆಕ್ಕ

ಸಂತೆ ಮುಗಿದ ಸೋಮವಾರ ಒಂದು ಅವಧಿ ಇದಕ್ಕೇ ಇಡಿ. ಗಲ್ಲಾ ಸುರಿದು ನಾಣ್ಯ, ನೋಟು ಬೇರೆ ಮಾಡಿ ಎಣಿಸಲಿ. ಹಾಕಿದ್ದ ಐವತ್ತು ತೆಗೆದಿಟ್ಟು ಉಳಿದದ್ದು ಎಷ್ಟು, ಚೀಲಕ್ಕೆ, ಗೋಂದಿಗೆ ಖರ್ಚಾದದ್ದು ಎಷ್ಟು ಎಂದು ಮೂರನೆಯವರು ಬರೆಯಲಿ. ಲೆಕ್ಕ ತಾಳೆ ಆಗದ ಅಂಗಡಿ ಖಂಡಿತ ಇರುತ್ತದೆ. ಯಾರ ಮೇಲೂ ತಪ್ಪು ಹೊರಿಸದೆ, ಎಲ್ಲಿ ಜಾರಿರಬಹುದು ಎಂದು ಮಾರಾಟದ ಪಟ್ಟಿ ನೋಡಿ ಹುಡುಕಿಸಿ. ಬಂದ ದುಡ್ಡಲ್ಲಿ ಏನು ಮಾಡಬೇಕು ಎನ್ನುವುದನ್ನು ಮಕ್ಕಳೇ ಕೈ ಎತ್ತಿ ತೀರ್ಮಾನಿಸಲಿ. ಉಳಿದ ಸೊಪ್ಪು, ತರಕಾರಿ ಸಂತೆ ದಿನವೇ ಬಿಸಿಯೂಟದ ಸಾರಿಗೆ ಹೋಗಿರಬೇಕು, ಸೋಮವಾರದವರೆಗೆ ಇಡಬೇಡಿ.

ಬೆಂಗಳೂರಿನಂಥ ಕಡೆ ವಾರದ ಸಂತೆ ದೂರವಾದರೆ ಹಾಪ್‌ಕಾಮ್ಸ್ ಮಳಿಗೆಯೋ ಬೀದಿ ಕೊನೆಯ ತಳ್ಳುಗಾಡಿಯೋ ಸಾಕು. ಎರಡನ್ನೂ ನೋಡಿ ಬೆಲೆ ಹೋಲಿಸಿದರೆ ಇನ್ನೂ ಒಳ್ಳೆಯದು. ಹೊರದೇಶದಲ್ಲಿ ವಾರಕ್ಕೊಮ್ಮೆ ಕನ್ನಡ ತರಗತಿ ನಡೆಸುವವರು ಹತ್ತು ದಿನ ಹಿಡಿಯಲು ಆಗುವುದಿಲ್ಲ. ಅವರು ಮೂರನೇ ದಿನದ ‘ಕಾಯಿ’ ಆಟ, ಏಳನೇ ದಿನದ ಚಿಲ್ಲರೆ ಮಾತುಕತೆ, ಕೊನೆಗೆ ಅರ್ಧ ಗಂಟೆಯ ಸಂತೆ, ಇಷ್ಟನ್ನು ಮೂರು ವಾರಕ್ಕೆ ಹಂಚಿಕೊಳ್ಳಬಹುದು. ನೋಟು ಮಾತ್ರ ರೂಪಾಯಿಯದೇ ಮಾಡಿಸಿ, ಎಣಿಕೆ ಪೂರ್ತಿ ಕನ್ನಡದಲ್ಲೇ ನಡೆಯಲಿ.